ಥೂಜಾ, ಅರಿಶಿನ, ಡೋಲೋ: ನಾಯಿಗೆ ಲಸಿಕೆ ಹಾಕಿಸಿದ ಮೇಲಿನ ಎರಡು ದಿನ

ಪುಣೆಯಿಂದ ಮಾತಾಡ್ತಾ ಇದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡ್ತೇನೆ: ನಾನು ಪಶುವೈದ್ಯ ಅಲ್ಲ. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್ ಮಾಡಿ, ಹಿಂಜವಡಿಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಮನೆಯಲ್ಲಿ ಗುಂಡ ಅಂತ ಒಂದು ನಾಯಿ ಇದೆ. ವಾಕಡ್‌ನ ಬೀದಿಯಲ್ಲಿ ಸಿಕ್ಕ ಮರಿ, ಈಗ ಹದಿನಾರು ಕೆಜಿ, ಸೋಫಾ ಪೂರ್ತಿ ಅವನದ್ದೇ. ಇವತ್ತು ಹೇಳೋದೆಲ್ಲ ಆ ನಾಯಿ, ನಮ್ಮ ಡಾಕ್ಟರ್ ಮೇಡಮ್, ಒಂದಿಷ್ಟು ಓದು, ಇವುಗಳಿಂದ ಕಲಿತದ್ದು. ನಿಮ್ಮ ನಾಯಿಗೆ ಏನಾದರೂ ಆದರೆ ಈ ವಿಡಿಯೋ ಪಾಸ್ ಮಾಡಿ ಮೊದಲು ಡಾಕ್ಟರ್‌ಗೆ ಫೋನ್ ಮಾಡಿ.

ಮಳೆಗಾಲಕ್ಕೆ ಮುಂಚೆ ನಮ್ಮ ಸೊಸೈಟಿಯಲ್ಲಿ ಬಹಳ ಜನ ನಾಯಿಗಳಿಗೆ ವರ್ಷದ ಲಸಿಕೆ ಹಾಕಿಸ್ತಾರೆ. ಅವತ್ತು ರಾತ್ರಿ ನಮ್ಮ ಕನ್ನಡದವರ ಗ್ರೂಪಿನಲ್ಲಿ ಒಂದೇ ಪ್ರಶ್ನೆ: "ಇಂಜೆಕ್ಷನ್ ಹಾಕಿಸಿಕೊಂಡು ಬಂದ್ವಿ, ಊಟ ಬಿಟ್ಟಿದೆ, ಮೈ ಸುಡ್ತಾ ಇದೆ, ಏನು ಕೊಡೋದು?" ಐದು ನಿಮಿಷದಲ್ಲಿ ಉತ್ತರಗಳ ಸಾಲು. ಥೂಜಾ 200 ನಾಲ್ಕು ಗುಳಿಗೆ. ಅರಿಶಿನ ಹಾಲು. ಅರ್ಧ ಡೋಲೋ. ಓಮದ ನೀರು. ಮರುದಿನ ಮಧ್ಯಾಹ್ನ ಆ ನಾಯಿ ಎದ್ದು ಓಡಾಡ್ತದೆ, ಯಾರು ಏನು ಹೇಳಿದ್ದರೋ ಅವರು "ಹೇಳಿರಲಿಲ್ವಾ" ಅಂತ ಒಂದು ಹೆಬ್ಬೆರಳು ಒತ್ತುತ್ತಾರೆ.

ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಈ ಕಥೆ ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ಸರ್ವಿಸ್ ನಿಧಾನ ಆಗ್ತದೆ. ಒಬ್ಬ ಕ್ಯಾಶ್ ಕ್ಲಿಯರ್ ಮಾಡ್ತಾನೆ, ಇನ್ನೊಬ್ಬ ರೀಸ್ಟಾರ್ಟ್ ಮಾಡ್ತಾನೆ, ಮೂರನೆಯವ ಸುಮ್ಮನೆ ಚಹಾ ಕುಡೀತಾನೆ. ಎರಡೂವರೆಗೆ ಎಲ್ಲ ಸರಿ ಹೋಗ್ತದೆ, ಯಾಕಂದರೆ ಎಲ್ಲೋ ಓಡ್ತಾ ಇದ್ದ ಬ್ಯಾಚ್ ಜಾಬ್ ಮುಗೀತು. ಆದರೆ ಕೊನೆಗೆ ಯಾರು ಬಟನ್ ಒತ್ತಿದನೋ ಅವನ ಹೆಸರೇ ರಿಪೋರ್ಟಿನಲ್ಲಿ ಬರ್ತದೆ. ಲಸಿಕೆ ಹಾಕಿಸಿದ ರಾತ್ರಿಯ ಔಷಧಿಗಳದ್ದೂ ಇದೇ ಕಥೆ.

ಒಳಗೆ ಏನು ನಡೀತದೆ ನೋಡಿ. ಲಸಿಕೆಯಲ್ಲಿ ಇರೋದು ದುರ್ಬಲಗೊಳಿಸಿದ ಅಥವಾ ಸತ್ತ ರೋಗಾಣು. ನಾಯಿಯ ಮೈ ಅದನ್ನು ಕಂಡು ಯುದ್ಧದ ತಯಾರಿ ಮಾಡ್ತದೆ. ಆ ತಯಾರಿಯಲ್ಲಿ ಸಣ್ಣ ಜ್ವರ, ಸುಸ್ತು, ಚುಚ್ಚಿದ ಜಾಗದಲ್ಲಿ ನೋವು, ಊಟದ ಮೇಲೆ ಅಸಡ್ಡೆ, ಇಷ್ಟೂ ಬರಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗೇ ಇಳೀತದೆ. ತಾನಾಗೇ ಇಳಿಯುವುದಕ್ಕೆ ಯಾವ ಔಷಧಿ ಕೊಟ್ಟರೂ ಗೆಲ್ಲೋದು ಔಷಧಿಯೇ.

ಮೈ ಸುಡ್ತದೆ ಅನ್ನೋದಕ್ಕೂ ಒಂದು ಮಾತಿದೆ. ಮನುಷ್ಯನ ಮೈ 98.6 ಡಿಗ್ರಿ ಫ್ಯಾರನ್‌ಹೀಟ್. ಆರೋಗ್ಯವಂತ ನಾಯಿಯದ್ದು 101ರಿಂದ 102.5. ಅಂದರೆ ನಮ್ಮ ಅಂಗೈಗೆ ಯಾವ ನಾಯಿಯಾದರೂ ವರ್ಷದ 365 ದಿನವೂ ಜ್ವರ ಬಂದ ಹಾಗೇ ಅನ್ನಿಸ್ತದೆ! ಲಸಿಕೆ ಹಾಕಿಸಿದ ದಿನ ಮಾತ್ರ ನಾವು ಮುಟ್ಟಿ ಮುಟ್ಟಿ ನೋಡ್ತೇವೆ. ಮೂಗು ಒಣಗಿದೆಯಾ, ಕಿವಿ ಬಿಸಿ ಇದೆಯಾ ಅನ್ನೋದೆಲ್ಲ ಲೆಕ್ಕಕ್ಕೆ ಬಾರದ ಮಾತು. ನೂರಿನ್ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ, ಅದನ್ನು ನಾಯಿಗೇ ಅಂತ ಬೇರೆ ಇಡಿ. ಎಲ್ಲಿ ಇಟ್ಟು ನೋಡ್ಬೇಕು ಅಂತ ಡಾಕ್ಟರ್ ತೋರಿಸಿಕೊಡ್ತಾರೆ. ನಾಯಿಗೆ ಅದು ಇಷ್ಟ ಆಗೋದಿಲ್ಲ, ನಿಮಗೂ ಆಗೋದಿಲ್ಲ.

ಇಲ್ಲಿ ಹೋಮಿಯೋಪತಿ ಅಭಿಮಾನಿಗಳು ಒಂದು ಗಟ್ಟಿ ವಾದ ಹಾಕ್ತಾರೆ. "ಮನುಷ್ಯರಿಗಾದರೆ ನಂಬಿಕೆಯಿಂದ ವಾಸಿ ಆಯ್ತು ಅನ್ನಬಹುದು. ನಾಯಿಗೆ ಏನು ಗೊತ್ತು ನಂಬಿಕೆ? ಅದಕ್ಕೂ ಗುಣ ಆಗ್ತದಲ್ಲ?" ಕೇಳೋಕೆ ಸರಿ ಇದೆ. ಆದರೆ ಗುಣ ಆಯ್ತು ಅಂತ ಹೇಳುವವರು ಯಾರು? ನಾಯಿ ಅಲ್ಲ, ನಾವು. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನೆನಪಿಡಿ. ಕೀಲುನೋವಿನಿಂದ ಕುಂಟುವ 58 ನಾಯಿಗಳು, ಔಷಧಿಯೇ ಇಲ್ಲದ ಮಾತ್ರೆ. ಕಾಲಿನ ಮೇಲೆ ನಿಜವಾಗಿ ಎಷ್ಟು ಭಾರ ಬೀಳ್ತದೆ ಅಂತ ನೆಲದಲ್ಲಿ ಸೆನ್ಸರ್ ಹಲಗೆ ಇಟ್ಟು ಅಳೆದರು. ಹಲಗೆ ಏನೂ ಬದಲಾಗಿಲ್ಲ ಅಂದಾಗಲೂ ಸಾಕಿದವರು "ಪರವಾಗಿಲ್ಲ, ಸುಧಾರಿಸಿದೆ" ಅನ್ನೋದು ಅರ್ಧಕ್ಕಿಂತ ಹೆಚ್ಚು ಸಲ ಕಂಡುಬಂತು. ಪಶುವೈದ್ಯರೂ ನೂರಕ್ಕೆ ನಲವತ್ತರ ಸುಮಾರು ಹಾಗೇ ಅಂದಿದ್ದರು. ಡ್ಯಾಶ್‌ಬೋರ್ಡ್ ಹಸಿರು, ಸರ್ವರ್ ಕೆಂಪು. ನಂಬಿಕೆ ಇದ್ದದ್ದು ಬೆಲ್ಟ್ ಹಿಡಿದ ಕೈಯಲ್ಲಿ.

ಈಗ ಥೂಜಾಗೆ ಬರೋಣ. ಇದು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದರೆ ಸಿಗೋದು 1884. ಲಂಡನ್ನಿನ ಹೋಮಿಯೋಪತಿ ವೈದ್ಯ ಜೇಮ್ಸ್ ಕಾಂಪ್ಟನ್ ಬರ್ನೆಟ್ 'ವ್ಯಾಕ್ಸಿನೋಸಿಸ್' ಅನ್ನುವ ಪದ ಇಟ್ಟು, ಅದಕ್ಕೆ ಥೂಜಾ ಔಷಧಿ ಅಂತ ಒಂದು ಪುಸ್ತಕ ಬರೆದ. ಅವನು ಮಾತಾಡಿದ್ದು ನಾಯಿಗಳ ಬಗ್ಗೆ ಅಲ್ಲವೇ ಅಲ್ಲ. ಮನುಷ್ಯರ ಸಿಡುಬಿನ ಲಸಿಕೆ ಬಗ್ಗೆ. ಆ ಕಾಲದಲ್ಲಿ ಒಬ್ಬರ ತೋಳಿನ ಹುಣ್ಣಿನ ರಸ ತೆಗೆದು ಇನ್ನೊಬ್ಬರ ತೋಳಿಗೆ ಗೀರುವ ಪದ್ಧತಿ ಇತ್ತು. ಅದರ ಜೊತೆ ಬೇರೆ ರೋಗಗಳೂ ದಾಟಿ ಹೋಗ್ತಿದ್ದವು. ಅಂಥ ಲಸಿಕೆಗೆ ಜನ ಹೆದರಿದ್ದು ಸಹಜ. ಆ ಹೆದರಿಕೆಯ ಔಷಧಿ 140 ವರ್ಷ ದಾಟಿ ವಾಕಡ್‌ನ ಪಗ್ ನಾಯಿಯ ಬಾಯಿಗೆ ಬಂದು ಬಿದ್ದಿದೆ.

ಅದರೊಳಗೆ ಏನಿದೆ? ಮಾತ್ರೆ ಡಬ್ಬಿ ಮೇಲೆ 30 ಅಂತಿದ್ದರೆ ಒಂದಕ್ಕೆ ನೂರರಂತೆ ಮೂವತ್ತು ಸಲ ತೆಳು ಮಾಡಿದ್ದಾರೆ ಅಂತ. ಒಂದರ ಮುಂದೆ ಅರವತ್ತು ಸೊನ್ನೆ. ಇಡೀ ಭೂಮಿಯಲ್ಲಿರುವ ಪರಮಾಣುಗಳ ಲೆಕ್ಕ ಒಂದರ ಮುಂದೆ ಐವತ್ತು ಸೊನ್ನೆಯ ಆಸುಪಾಸು. ಹನ್ನೆರಡನೇ ಸಲಕ್ಕೇ ಮೂಲವಸ್ತುವಿನ ಒಂದು ಅಣು ಉಳಿಯೋದೂ ಅನುಮಾನ. ಆದ್ದರಿಂದ ಸಕ್ಕರೆ ಗುಳಿಗೆ ನಾಲ್ಕು ಹಾಕಿದರೆ ನಾಯಿಗೆ ಕೆಡುಕೂ ಇಲ್ಲ. ಇದೇ ಮಾತು 'ಲಿಸ್ಸಿನ್' ಅನ್ನುವುದಕ್ಕೂ. ರೇಬೀಸ್ ಲಸಿಕೆಯ "ದೋಷ" ತೆಗೀತದೆ ಅಂತ ಅದನ್ನು ಕೊಡ್ತಾರೆ. ಮೂಲವಸ್ತು ಹುಚ್ಚುನಾಯಿಯ ಜೊಲ್ಲು. ಕಾನ್‌ಸ್ಟಂಟೈನ್ ಹೆರಿಂಗ್ ಅದನ್ನು ಬಳಕೆಗೆ ತಂದದ್ದು 1833ರಲ್ಲಿ, ಪಾಶ್ಚರ್‌ನ ರೇಬೀಸ್ ಲಸಿಕೆ ಬಂದ 1885ಕ್ಕೂ ಅರ್ಧ ಶತಮಾನ ಮುಂಚೆ. ಲಸಿಕೆಯೇ ಹುಟ್ಟದ ಕಾಲದ ಔಷಧಿ ಲಸಿಕೆಯ ದೋಷ ತೆಗೀತದಂತೆ!

ಒಂದು ಎಚ್ಚರಿಕೆ ಮಾತ್ರ ಇದೆ. ಬಾಟಲಿ ಮೇಲೆ 30, 200 ಬದಲು ಕ್ಯೂ ಅಂತ ಇದ್ದರೆ ಅದು ಮದರ್ ಟಿಂಕ್ಚರ್. ಅದರಲ್ಲಿ ಆಲ್ಕೋಹಾಲ್ ಇದೆ, ಥೂಜಾ ಗಿಡದ ಥೂಜೋನ್ ಅನ್ನುವ, ನರಗಳಿಗೆ ವಿಷವಾಗುವ ಎಣ್ಣೆಯ ಅಂಶವೂ ಇರ್ತದೆ. ಅಂಗಡಿಯವರು ನರಹುಲಿಗೆ ಹಚ್ಚೋಕೆ ಮಾರೋದು ಇದನ್ನೇ. ನಾಯಿ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ ಅನ್ನೋದು ಮರೀಬೇಡಿ. ಇನ್ನೊಂದು: 1984ರ ಭಾರತೀಯ ಪಶುವೈದ್ಯ ಮಂಡಳಿ ಕಾಯ್ದೆ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಕೊಡೋದು ನೋಂದಾಯಿತ ಪಶುವೈದ್ಯರ ಕೆಲಸ. ಗಲ್ಲಿ ಮೂಲೆಯ ಹೋಮಿಯೋಪತಿ ಡಾಕ್ಟರ್ ಎಷ್ಟೇ ಒಳ್ಳೆಯವರಾಗಿದ್ದರೂ ನಾಯಿ ಅವರ ಪೇಷಂಟ್ ಅಲ್ಲ.

ಹಾಗಾದರೆ ಸಕ್ಕರೆ ಗುಳಿಗೆಗೆ ನನ್ನ ತಕರಾರು ಏನು? ಹೋದ ವರ್ಷ ನಮ್ಮ ಟವರಿನಲ್ಲೇ ನಡೆದದ್ದು ಹೇಳ್ತೇನೆ. ರಾಯಚೂರು ಕಡೆಯ ಒಂದು ಕುಟುಂಬ, ಏಳು ಕೆಜಿಯ ಪಗ್. ಒಂದೇ ದಿನ ಒಂಬತ್ತು-ಒಂದು ಕಾಂಬಿನೇಷನ್, ರೇಬೀಸ್, ಕೆನಲ್ ಕಾಫ್, ಮೂರೂ ಹಾಕಿಸಿದರು. ಕ್ಲಿನಿಕ್ಕಿನವರು ಬಿಲ್ ಕೊಟ್ಟು ಕಳಿಸಿದರು, ಸ್ವಲ್ಪ ಹೊತ್ತು ಕೂತು ಹೋಗಿ ಅನ್ನಲಿಲ್ಲ. ಮನೆಗೆ ಬಂದು ಮುಕ್ಕಾಲು ಗಂಟೆಯಲ್ಲಿ ಮುಖ ಊದಿತು, ಎರಡು ಸಲ ವಾಂತಿ. ಗ್ರೂಪಿನಲ್ಲಿ ಫೋಟೋ ಬಂತು. ಊತಕ್ಕೆ ಏಪಿಸ್ ಕೊಡಿ ಅಂತ ಒಬ್ಬರು, ಅದು ಜೇನುಹುಳದಿಂದ ಮಾಡುವ ಗುಳಿಗೆ. ಹದಿನೈದು ನಿಮಿಷಕ್ಕೊಂದು ಸಲ ಕೊಟ್ಟು ನೋಡಿ ಅಂತ ಇನ್ನೊಬ್ಬರು. ಅವರು ಕೊಟ್ಟರು, ಕಾದರು, ಮತ್ತೆ ಕೊಟ್ಟರು. ಅಷ್ಟರಲ್ಲಿ ಪಗ್‌ನ ವಸಡು ಬಿಳಿಚಿಕೊಂಡು ಕಾಲು ಮಡಚಿ ಮಲಗಿಬಿಟ್ಟಿತ್ತು. ನಮ್ಮ ಟವರಿನ ವಾಚ್‌ಮನ್ ಮಾಮಾ ಅದನ್ನು ನೋಡಿ ರಿಕ್ಷಾ ನಿಲ್ಲಿಸಿ ಬೈದು ಕಳಿಸಿದ. ಆಸ್ಪತ್ರೆಯಲ್ಲಿ ಅಡ್ರಿನಲಿನ್, ಸಲೈನ್, ಆಕ್ಸಿಜನ್, ಒಂದು ರಾತ್ರಿ. ಬದುಕಿತು. ಇನ್ನೂ ತಡ ಆಗಿದ್ದರೆ ಕಷ್ಟ ಇತ್ತು ಅಂದರು ಡಾಕ್ಟರ್.

ಅನಾಫಿಲಾಕ್ಸಿಸ್ ಅಂದರೆ ಇದು. ಮನುಷ್ಯರಲ್ಲಿ ಉಸಿರು ಕಟ್ಟೋದು ಮೊದಲು ಕಾಣ್ತದೆ. ನಾಯಿಯಲ್ಲಿ ಏಟು ಬೀಳೋದು ಹೆಚ್ಚಾಗಿ ಯಕೃತ್ತು ಮತ್ತು ಕರುಳಿಗೆ. ಅದಕ್ಕೇ ವಾಂತಿ, ಭೇದಿ, ಕುಸಿದು ಬೀಳೋದು. "ಹೊಟ್ಟೆ ಕೆಟ್ಟಿರಬೇಕು, ಓಮದ ನೀರು ಕೊಡಿ" ಅನ್ನಿಸೋದೂ ಅದಕ್ಕೇ. ಅವತ್ತು ಗುಳಿಗೆ ಏನೂ ಹಾಳು ಮಾಡಲಿಲ್ಲ. ಗುಳಿಗೆ ಕೊಟ್ಟು ಕಾದರಲ್ಲ, ಆ ಕಾಯುವುದೇ ಅಪಾಯ.

ಇದು ಎಷ್ಟು ಅಪರೂಪ ಅನ್ನೋದನ್ನೂ ಹೇಳ್ಬೇಕು, ಇಲ್ಲದಿದ್ದರೆ ನಾಳೆಯಿಂದ ನೀವು ಲಸಿಕೆಯನ್ನೇ ಬಿಡ್ತೀರಿ. 2005ರಲ್ಲಿ ಅಮೆರಿಕದ ಒಂದು ಆಸ್ಪತ್ರೆ ಸರಣಿಯ ದಾಖಲೆಗಳನ್ನು ತೆಗೆದು ನೋಡಿದರು. ಹನ್ನೆರಡು ಲಕ್ಷಕ್ಕೂ ಹೆಚ್ಚು ನಾಯಿಗಳು. ಲಸಿಕೆಯಾದ ಮೂರು ದಿನದೊಳಗೆ ತೊಂದರೆ ಅಂತ ದಾಖಲಾದದ್ದು ಹತ್ತು ಸಾವಿರಕ್ಕೆ ಸುಮಾರು 38. ಅದರಲ್ಲೂ ಪ್ರಾಣಕ್ಕೆ ಬರುವಂಥದ್ದು ಇನ್ನೂ ಕಡಿಮೆ. ಆದರೆ ಆ ಲೆಕ್ಕದೊಳಗೆ ಒಂದು ಉಪಯೋಗದ ಸಂಗತಿ ಇದೆ: ನಾಯಿ ಸಣ್ಣದಾದಷ್ಟೂ ಅಪಾಯ ಜಾಸ್ತಿ. ಹತ್ತು ಕೆಜಿ ಒಳಗಿನ ನಾಯಿಗೆ ಒಂದೇ ಭೇಟಿಯಲ್ಲಿ ಒಂದೊಂದು ಲಸಿಕೆ ಹೆಚ್ಚಾದಂತೆ ಅಪಾಯ ನೂರಕ್ಕೆ 27ರಷ್ಟು ಏರಿತ್ತು, ದೊಡ್ಡ ನಾಯಿಗೆ 12ರಷ್ಟು. ಅಪಾರ್ಟ್‌ಮೆಂಟಿನಲ್ಲಿ ನಾವು ಸಾಕೋದು ಪಗ್, ಶಿಟ್ಜು, ಪೊಮೇರಿಯನ್. ಒಂದು ಶನಿವಾರ ರಜ ಸಿಕ್ಕಿದೆ, ಎಲ್ಲ ಒಟ್ಟಿಗೆ ಮುಗಿಸಿಬಿಡೋಣ ಅನ್ನೋದು ನಮ್ಮ ಸ್ವಭಾವ. ಆ ಪಗ್‌ಗೆ ಈಗ ಎರಡು ವಾರಗಳ ಅಂತರದಲ್ಲಿ ಒಂದೊಂದೇ ಲಸಿಕೆ, ಮುಂಚಿತವಾಗಿ ಡಾಕ್ಟರೇ ಕೊಡುವ ಅಲರ್ಜಿ ಔಷಧಿ, ಆಮೇಲೆ ಒಂದು ಗಂಟೆ ಕ್ಲಿನಿಕ್‌ನಲ್ಲೇ. ನಮ್ಮ ಡಾಕ್ಟರ್ ಮೇಡಮ್ ಅಂತೂ ಗುಂಡನಿಗೂ ಬಿಡೋದಿಲ್ಲ: "ಥಾಂಬಾ, ಅರ್ಧಾ ತಾಸ್ ಬಸಾ." ಆ ಅರ್ಧ ಗಂಟೆಯೇ ನನಗೆ ಗೊತ್ತಿರುವ ಅತ್ಯುತ್ತಮ ಮನೆಮದ್ದು. ಲ್ಯಾಪ್‌ಟಾಪ್ ತಗೊಂಡು ಹೋಗಿ, ಸ್ಟ್ಯಾಂಡಪ್ ಕಾಲ್ ಅಲ್ಲಿಂದಲೇ ಅಟೆಂಡ್ ಮಾಡಿ.

ನಮ್ಮ ಅವ್ವ ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದಾಗ ಗುಂಡನ ಲಸಿಕೆ ದಿನ ಬಂತು. "ಸುಮ್ಮನಿದ್ದ ನಾಯಿಗೆ ಯಾಕ ಸೂಜಿ ಚುಚ್ಚಸ್ತೀಯೋ ತಮ್ಮಾ, ನೋಡು ಹೆಂಗ ಬಿದ್ದೈತಿ" ಅಂದಳು. ನಾನು ನಗಲಿಲ್ಲ. ಅವಳ ಅಣ್ಣನಿಗೆ ಹುಚ್ಚುನಾಯಿ ಕಡಿದಾಗ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಆಗಿತ್ತು, ಅವಳು ಕಣ್ಣಾರೆ ನೋಡಿದ್ದಾಳೆ. ನಿಮ್ಮ ಮನೆಯ ಹಿರಿಯರಿಗೂ ಈ ನೆನಪು ಇರ್ತದೆ. ಅದು ಸೆಂಪಲ್ ಲಸಿಕೆ, ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ್ದು. ರೇಬೀಸ್ ತಗುಲಿಸಿದ ಕುರಿಯ ಮಿದುಳನ್ನು ಅರೆದು ಮಾಡ್ತಿದ್ದರು. ನೋವು ಒಂದು ಕಡೆ, ಕೆಲವರಿಗೆ ಅದರಿಂದಲೇ ಪಾರ್ಶ್ವವಾಯುವಿನಂಥ ತೊಂದರೆ ಆಗ್ತಿತ್ತು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2004ರ ಕೊನೆಗೆ. ಅಂದರೆ ನಾವು ಶಾಲೆ-ಕಾಲೇಜು ಮುಗಿಸುವ ತನಕ ಅದು ಇತ್ತು. ಅವ್ವನ ಹೆದರಿಕೆ ಮೂಢನಂಬಿಕೆ ಅಲ್ಲ, ಹಳೇ ವರ್ಷನ್‌ನ ಅನುಭವ. ಈಗಿನದ್ದು ಕೋಶಗಳಲ್ಲಿ ಬೆಳೆಸಿ ಶುದ್ಧ ಮಾಡಿದ ಲಸಿಕೆ. ಮನುಷ್ಯರ ರೇಬೀಸ್ ಲಸಿಕೆ ನಮ್ಮ ಹಡಪ್ಸರ್‌ನ ಸೀರಂ ಇನ್‌ಸ್ಟಿಟ್ಯೂಟಿನಲ್ಲೂ ತಯಾರಾಗ್ತದೆ. ಇದನ್ನು ಹೇಳಿದಾಗ ಅವ್ವ ಅರ್ಧ ಒಪ್ಪಿದಳು, ಅರ್ಧ ಗುಂಡನ ಬೆನ್ನು ಸವರ್ತಾ ಕೂತಳು. ಬೆನ್ನು ಸವರೋದಕ್ಕೆ ಯಾವ ಸೈಡ್ ಇಫೆಕ್ಟೂ ಇಲ್ಲ.

ಅಡುಗೆಮನೆ ಔಷಧಿಗಳಲ್ಲಿ ಯಾವುದು ನಡೀತದೆ ಅಂದರೆ ಬಹಳ ಕಡಿಮೆ. ಚುಚ್ಚಿದ ಜಾಗ ನೋಯ್ತಾ ಇದ್ದರೆ ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ ಐದ್ಹತ್ತು ನಿಮಿಷ ಇಡಿ, ಅದೂ ನಾಯಿ ಒಪ್ಪಿದರೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅನ್ನ, ಬೇಯಿಸಿದ ಕೋಳಿ, ಇಲ್ಲವೇ ತೆಳು ಗಂಜಿ. ಒಂದು ಹೊತ್ತು ತಿನ್ನದಿದ್ದರೆ ಬಿಡಿ, ನೀರು ಕುಡಿದರೆ ಸಾಕು. ಸ್ನಾನ ಬೇಡ, ಓಟ ಬೇಡ. ಅರಿಶಿನ ಹಾಲು ಬೇಡ, ಅರಿಶಿನಕ್ಕಲ್ಲ, ಹಾಲಿಗೆ. ಬಹಳ ನಾಯಿಗಳಿಗೆ ಹಾಲು ಅರಗದೆ ಭೇದಿ ಆಗ್ತದೆ, ಆಮೇಲೆ ಆ ಭೇದಿಯನ್ನು ಲಸಿಕೆಯ ಲೆಕ್ಕಕ್ಕೆ ಬರೀತೇವೆ. ವಿಕ್ಸ್, ಅಮೃತಾಂಜನ ಹಚ್ಚಬೇಡಿ, ಕರ್ಪೂರ, ನೀಲಗಿರಿ ಎಣ್ಣೆ ಅದಕ್ಕೆ ಆಗಿಬರೋದಿಲ್ಲ.

ಡೋಲೋ ವಿಷಯದಲ್ಲಿ ಸ್ವಲ್ಪ ಜೋರಾಗಿಯೇ ಹೇಳ್ತೇನೆ. ಬೆಂಗಳೂರಿನ ಮಾತ್ರೆ, ಕೋವಿಡ್‌ನಲ್ಲಿ ನಮ್ಮನ್ನೆಲ್ಲ ಕಾಪಾಡಿದ್ದು, ಅದರ ಮೇಲೆ ನಮಗೆ ಮನೆದೇವರಷ್ಟು ಭಕ್ತಿ. ಲೆಕ್ಕ ಹಾಕಿ. 65 ಕೆಜಿಯ ನನಗೆ ಒಂದು ಡೋಲೋ 650 ಅಂದರೆ ಕೆಜಿಗೆ 10 ಮಿಲಿಗ್ರಾಂ. ಐದು ಕೆಜಿಯ ಶಿಟ್ಜುಗೆ ಅದೇ ಮಾತ್ರೆ ಕೆಜಿಗೆ 130. ನೂರರ ಆಸುಪಾಸಿಗೇ ನಾಯಿಯ ಯಕೃತ್ತಿಗೆ ಪೆಟ್ಟು ಬೀಳ್ತದೆ. ಅರ್ಧ ಮಾತ್ರೆ ಅಂದರೂ ನಮ್ಮ ಆರೂವರೆ ಪಟ್ಟು. ಕಾಂಬಿಫ್ಲಾಮ್ ಇನ್ನೂ ಕೆಟ್ಟದ್ದು, ಅದರಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ನಾಯಿಯ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಶೀತದ ಮಾತ್ರೆಗಳಲ್ಲಿ ಇನ್ನೂ ಎರಡು-ಮೂರು ಔಷಧಿ ಬೆರೆತಿರ್ತವೆ. ಸಕ್ಕರೆ ಗುಳಿಗೆಯವರಿಗಿಂತ ಅರ್ಧ ಡೋಲೋದವರಿಗೆ ನಾನು ಹೆಚ್ಚು ಹೆದರ್ತೇನೆ.

ಯಾವಾಗ ಓಡ್ಬೇಕು? ಮುಖ, ಕಣ್ಣಿನ ಸುತ್ತ ಊತ, ಮೈಮೇಲೆ ದದ್ದು, ಮತ್ತೆ ಮತ್ತೆ ವಾಂತಿ-ಭೇದಿ, ಉಸಿರಾಟದ ಕಷ್ಟ, ನಿಲ್ಲಲಾಗದ ನಿಶ್ಶಕ್ತಿ. ಅನುಮಾನ ಬಂದರೆ ತುಟಿ ಎತ್ತಿ ವಸಡು ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗ್ಬೇಕು. ಆಗದಿದ್ದರೆ, ಅಥವಾ ಮೊದಲೇ ಬಿಳಿಚಿದ್ದರೆ, ಗ್ರೂಪಿಗೆ ಫೋಟೋ ಹಾಕೋದು ಆಮೇಲೆ. ಲಸಿಕೆ ದಿನ ಬೆಳಗ್ಗೆ ಹೋಗೋದು ಇದಕ್ಕೇ ಒಳ್ಳೇದು. ಏನಾದರೂ ಆದರೆ ಆಸ್ಪತ್ರೆಗಳು ತೆರೆದಿರ್ತವೆ. ಆಫೀಸ್ ಮುಗಿಸಿ ರಾತ್ರಿ ಎಂಟಕ್ಕೆ ಹಾಕಿಸಿದರೆ ಹತ್ತು ಗಂಟೆಗೆ ಹಿಂಜವಡಿ ಟ್ರಾಫಿಕ್ಕಿನಲ್ಲಿ ಒದ್ದಾಡ್ತೀರಿ.

ಕೊನೆಯದಾಗಿ ಬರೋದು "ವರ್ಷ ವರ್ಷ ಇಷ್ಟೆಲ್ಲ ಬೇಕಾ?" ಅನ್ನುವ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಉತ್ತರ ಥೂಜಾದಲ್ಲಿ ಇಲ್ಲ, ಡಾಕ್ಟರ್ ಹತ್ತಿರ ಇದೆ. ವಿಶ್ವ ಸಣ್ಣಪ್ರಾಣಿ ವೈದ್ಯರ ಸಂಘದ ಮಾರ್ಗಸೂಚಿ ಪ್ರಕಾರ ಮರಿಯಾಗಿದ್ದಾಗ ಡೋಸುಗಳು ಸರಿಯಾಗಿ ಆಗಿದ್ದರೆ ಡಿಸ್ಟೆಂಪರ್, ಪಾರ್ವೋ ಲಸಿಕೆ ದೊಡ್ಡ ನಾಯಿಗೆ ಮೂರು ವರ್ಷಕ್ಕಿಂತ ಬೇಗ ಬೇಕಾಗೋದಿಲ್ಲ. ಲೆಪ್ಟೋ ಹಾಗಲ್ಲ, ವರ್ಷಕ್ಕೊಮ್ಮೆ ಬೇಕು. ಮಳೆಗಾಲದ ಪುಣೆಯಲ್ಲಿ, ಇಲಿ ಓಡಾಡುವ ಬೇಸ್‌ಮೆಂಟ್ ನೀರಿನಲ್ಲಿ ಅದನ್ನು ಬಿಡೋದು ಜಾಣತನ ಅಲ್ಲ, ಅದು ನಮಗೂ ಹರಡುವ ರೋಗ. ಯಾವುದು ಈ ವರ್ಷ, ಯಾವುದು ಮುಂದಿನ ವರ್ಷ ಅಂತ ಕೂತು ಕೇಳಿ. ಒಳ್ಳೆ ಡಾಕ್ಟರ್ ಕೋಪ ಮಾಡಿಕೊಳ್ಳೋದಿಲ್ಲ.

ರೇಬೀಸ್ ಒಂದರಲ್ಲಿ ಮಾತ್ರ ಚೌಕಾಸಿ ಇಲ್ಲ, ಡಾಕ್ಟರ್ ಹೇಳಿದ ತಾರೀಖಿಗೆ ಹಾಕಿಸಿ. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಔಷಧಿ ಇಲ್ಲ, ನಾಯಿಗೂ ಇಲ್ಲ, ಮನುಷ್ಯನಿಗೂ ಇಲ್ಲ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ, ಕಡಿಸಿಕೊಳ್ಳುವವರಲ್ಲಿ ಮಕ್ಕಳೇ ಹೆಚ್ಚು. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸಿತು. ನಮ್ಮ ಲಿಫ್ಟಿನಲ್ಲಿ ಗುಂಡನ ಜೊತೆ ದಿನಾ ಇಳಿಯುವ ಮಕ್ಕಳು ಐದು ಜನ. ಅವನ ಲಸಿಕೆ ಕಾರ್ಡ್ ಅವರದ್ದೂ ಹೌದು.

ಗಂಟಿನ ವಿಷಯ ಬಿಟ್ಟೇಬಿಟ್ಟಿದ್ದೆ. ಚುಚ್ಚಿದ ಜಾಗದಲ್ಲಿ ಗೋಲಿಯಷ್ಟು ಗಂಟು ಆಗಬಹುದು, ಒಂದೆರಡು ವಾರದಲ್ಲಿ ಕರಗ್ತದೆ. ಅದಕ್ಕೆ ಸಿಲಿಸಿಯಾ ಕೊಡ್ತಾರೆ, ಹರಳೆಣ್ಣೆ ತಿಕ್ಕುತ್ತಾರೆ, ಅರಿಶಿನ ಮೆತ್ತುತ್ತಾರೆ. ತಿಕ್ಕಬೇಡಿ, ಮೆತ್ತಬೇಡಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ವಾರಕ್ಕೊಂದು ಫೋಟೋ ತೆಗೀರಿ, ತಾರೀಖು ಬರೀರಿ. ಬೆಳೀತಾ ಹೋದರೆ, ಕೀವು ಕಂಡರೆ, ತಿಂಗಳಾದರೂ ಕರಗದಿದ್ದರೆ ಆ ಫೋಟೋಗಳ ಸಮೇತ ಡಾಕ್ಟರ್‌ಗೆ ತೋರಿಸಿ.